ಕೈ ಬೀಸುವುದನ್ನು ನಾನು ನಿಲ್ಲಿಸಿದ್ದೆ

ಮುಂಬೈಯ ಮಾಟುಂಗಾದಲ್ಲಿ ನಮ್ಮ ಕನ್ನಡದವರ ಒಂದು ಪುಟ್ಟ ಸಭೆಯಲ್ಲಿ ಮಾತಾಡಿದ್ದು ಇದು. ರೆಕಾರ್ಡ್ ಮಾಡಿದವರು ಫೋನನ್ನು ಫ್ಯಾನಿನ ಕೆಳಗೇ ಇಟ್ಟಿದ್ದರು, ಹಾಗಾಗಿ ಅರ್ಧಕ್ಕರ್ಧ ಗಾಳಿಯ ಸದ್ದೇ ಬಂದಿದೆ. ನೆನಪಿದ್ದಷ್ಟು ಬರೆದಿದ್ದೇನೆ. ಅಲ್ಲಿ ಹೇಳಲು ಮರೆತ ಒಂದೆರಡು ಮಾತನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನಗೆ ವಾರಕ್ಕೆ ಎರಡೋ ಮೂರೋ ಫೋನ್ ಬರುತ್ತವೆ. ಡೊಂಬಿವಲಿ, ಥಾಣೆ, ನವಿ ಮುಂಬೈ, ಒಮ್ಮೊಮ್ಮೆ ಪುಣೆಯಿಂದ. ಯಾರೋ ಯಾರಿಗೋ ನನ್ನ ನಂಬರ್ ಕೊಟ್ಟಿರುತ್ತಾರೆ. ಮೊದಲು ನಿಮ್ಮೂರು ಯಾವುದು, ಊರಿಗೆ ಹೋಗಿದ್ದಿರಾ, ಮಳೆ ಹೇಗೆ ಎಂದೆಲ್ಲ ಆಗುತ್ತದೆ. ಆಮೇಲೆ ದನಿ ಸಣ್ಣ ಮಾಡಿಕೊಂಡು ಕೇಳುತ್ತಾರೆ: "ಅಕ್ಕಾ, ನಮ್ಮ ಪಾಪು ಕೈ ಕೊಡವುತ್ತಾನೆ. ಅದನ್ನು ನಿಲ್ಲಿಸುವುದು ಹೇಗೆ?"

ನಿಲ್ಲಿಸುವುದು ಹೇಗೆ ಎಂದು ನನಗೆ ಗೊತ್ತು. ನಾನು ನಿಲ್ಲಿಸಿದ್ದೆ. ಮೂರು ವರ್ಷ ಹಿಡಿಯಿತು, ದುಡ್ಡೂ ಖರ್ಚಾಯಿತು, ಕೊನೆಗೆ ನನ್ನ ಮಗನ ಎರಡೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡವು. ಅವನ ವಿಷಯದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಅದೇ ದೊಡ್ಡದು. ಅದನ್ನು ಹೇಳಲಿಕ್ಕೇ ಇವತ್ತು ಬಂದಿದ್ದೇನೆ.

ನಾನು ಡಾಕ್ಟರಲ್ಲ, ಥೆರಪಿಸ್ಟ್ ಅಲ್ಲ. ಇಪ್ಪತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿದ್ದೆ. ಮಗನಿಗೆ ಈಗ 22. ಆಟಿಸಂ ಇದೆ, ಅಂದರೆ ಮಿದುಳು ಹುಟ್ಟಿನಿಂದಲೇ ಬೇರೆ ತರಹ ಕೆಲಸ ಮಾಡುವುದು. ಮಾತು ಕಡಿಮೆ. ಅವನನ್ನು ಕೇಳದೆ ಅವನ ಹೆಸರು ಹೇಳುವುದಿಲ್ಲ, ಮನೆಯಲ್ಲಿ ಅಜ್ಜಿ ಕರೆಯುವ ಹಾಗೆ ಮಾಣಿ ಎನ್ನುತ್ತೇನೆ. ಕುಂದಾಪುರದ ಕಡೆಯವರಿಗೆ ಅರ್ಥವಾಯಿತು. ಉಳಿದವರು ಹೋಟೆಲಿನ ಮಾಣಿ ಎಂದುಕೊಳ್ಳಬೇಡಿ. ನಮ್ಮ ಕಡೆ ಹುಡುಗನಿಗೇ ಮಾಣಿ ಎನ್ನುವುದು.

ಮಾಣಿ ಎರಡು ವರ್ಷದವನಿದ್ದಾಗ ಶುರುವಾಯಿತು. ಖುಷಿಯಾದರೆ ಎರಡೂ ಕೈ ಭುಜದ ಹತ್ತಿರ ಎತ್ತಿ ಪಟಪಟ ಬೀಸುತ್ತಿದ್ದ. ತುದಿಗಾಲಲ್ಲಿ ನಡೆಯುತ್ತಿದ್ದ. ಸ್ಟೀಲಿನ ತಟ್ಟೆಯನ್ನು ನೆಲದ ಮೇಲೆ ತಿರುಗಿಸಿ, ಅದು ಗಿರಗಿರ ಸುತ್ತಿ ಟಣಟಣ ಎಂದು ನಿಲ್ಲುವವರೆಗೆ ಕೆನ್ನೆಯನ್ನು ನೆಲಕ್ಕೆ ಒತ್ತಿ ನೋಡುತ್ತಿದ್ದ. ಬೇರೆ ಮಕ್ಕಳು ಬೇರೆ ಬೇರೆ ಮಾಡುತ್ತಾರೆ. ಕೂತಲ್ಲೇ ಹಿಂದೆ ಮುಂದೆ ತೂಗುವವರಿದ್ದಾರೆ. ಬೆರಳನ್ನು ಕಣ್ಣಿನ ಮೂಲೆಯಲ್ಲಿ ಆಡಿಸುವವರು, ನಿಂತಲ್ಲೇ ಗಿರಕಿ ಹೊಡೆಯುವವರು, ಒಂದೇ ರಾಗದಲ್ಲಿ ಹ್ಞೂಂಗುಡುವವರು, ಬಟ್ಟೆಯ ಅಂಚನ್ನು ಉಜ್ಜುತ್ತಲೇ ಇರುವವರು, ಎಲ್ಲವನ್ನೂ ಮೂಸಿ ನೋಡುವವರು. ಇದಕ್ಕೆಲ್ಲ ಸೇರಿಸಿ ಇಂಗ್ಲಿಷಿನಲ್ಲಿ ಸ್ಟಿಮ್ಮಿಂಗ್ ಎನ್ನುತ್ತಾರೆ. ಸೆಲ್ಫ್ ಸ್ಟಿಮ್ಯುಲೇಶನ್ ಎಂಬುದನ್ನು ಮೊಟಕು ಮಾಡಿದ್ದು. ತನ್ನ ಮೈಗೆ ತಾನೇ ಒಂದು ಅನುಭವ ಕೊಟ್ಟುಕೊಳ್ಳುವುದು ಎಂದು ಅರ್ಥ. ಕನ್ನಡದಲ್ಲಿ ಇದಕ್ಕೆ ಬಳಕೆಯಲ್ಲಿರುವ ಒಂದು ಪದ ಇಲ್ಲ, ನಾನೂ ಸ್ಟಿಮ್ ಎಂದೇ ಹೇಳುತ್ತೇನೆ. ನಮ್ಮ ಅತ್ತೆ ಮಾತ್ರ "ಮಾಣಿ ರೆಕ್ಕೆ ಬಡೀತಾ ಇದ್ದಾನೆ" ಎನ್ನುತ್ತಿದ್ದರು. ಆಗ ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತಿತ್ತು.

ಪದಗಳ ಬಗ್ಗೆ ಇನ್ನೊಂದು ಮಾತು. ಆಟಿಸಂಗೆ ನಾವು ಸ್ವಲೀನತೆ ಎನ್ನುತ್ತೇವೆ, ಮರಾಠಿಯವರು ಸ್ವಮಗ್ನತಾ ಎನ್ನುತ್ತಾರೆ. ಎರಡೂ ಪದ ನನಗೆ ಸರಿ ಕಾಣುವುದಿಲ್ಲ. ತನ್ನೊಳಗೇ ಮುಳುಗಿದವನು, ಹೊರಗಿನದು ಅವನಿಗೆ ತಾಗುವುದಿಲ್ಲ ಎಂಬ ಹಾಗೆ ಕೇಳುತ್ತದೆ. ನಮ್ಮನೆಯಲ್ಲಿ ಇರುವುದು ಪೂರ್ತಿ ಉಲ್ಟಾ. ಪಕ್ಕದ ಬಿಲ್ಡಿಂಗಿನ ಮಿಕ್ಸಿ ಶುರುವಾದರೂ ಅವನಿಗೆ ತಾಗುತ್ತದೆ. ಹೊರಗಿನದು ಜಾಸ್ತಿ ಒಳಗೆ ಬರುವುದೇ ಅವನ ಕಷ್ಟ.

ಈ ಕೈ ಬೀಸುವುದು, ತಟ್ಟೆ ತಿರುಗಿಸುವುದು ಇವತ್ತು ನಿನ್ನೆ ಕಂಡದ್ದಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ ಎಂಬ ಡಾಕ್ಟರು 1943ರಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಆಟಿಸಂ ಎಂಬ ಹೆಸರಿನಲ್ಲಿ ಇಂಥ ಮಕ್ಕಳ ಬಗ್ಗೆ ನಡೆದ ಮಾತೆಲ್ಲ ಹೆಚ್ಚುಕಡಿಮೆ ಅಲ್ಲಿಂದ ಶುರು. ಅದರಲ್ಲಿ ಮೊದಲನೇ ಹುಡುಗ ಡೊನಾಲ್ಡ್. ಅವನೂ ಪಾತ್ರೆ, ಮರದ ತುಂಡು, ಗುಂಡಗಿನದು ಏನು ಸಿಕ್ಕಿದರೂ ತಿರುಗಿಸುತ್ತಿದ್ದ, ತಲೆಯನ್ನು ಆಚೆ ಈಚೆ ಆಡಿಸುತ್ತಿದ್ದ, ತಡೆದರೆ ರಂಪ ಮಾಡುತ್ತಿದ್ದ. ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಂ ಎಂದಿತು. ಮಿಸಿಸಿಪ್ಪಿಯ ಯಾವುದೋ ಹಳ್ಳಿಯಂಥ ಊರಿನ ಹುಡುಗ, ನಮ್ಮ ಡೊಂಬಿವಲಿಯ ಅಡುಗೆಮನೆಯ ತಟ್ಟೆ! ಮುಂದೆ ಆ ಡೊನಾಲ್ಡ್ ಟ್ರಿಪ್ಲೆಟ್ ಅದೇ ಊರಿನಲ್ಲಿ ಕಾರು ಓಡಿಸಿದರು, ಗಾಲ್ಫ್ ಆಡಿದರು, ಬ್ಯಾಂಕಿನಲ್ಲಿ ಕೆಲಸ ಮಾಡಿದರು. ನನ್ನ ಹಾಗೇ ಬ್ಯಾಂಕಿನವರು. 2023ರಲ್ಲಿ ತೀರಿಕೊಂಡಾಗ ಅವರಿಗೆ 89 ವರ್ಷ.

ಆದರೆ ಮೊದಲ ದಿನದಿಂದಲೇ ಇದು ರೋಗದ ಲಕ್ಷಣಗಳ ಪಟ್ಟಿಯಲ್ಲಿ ಕೂತುಬಿಟ್ಟಿತು. ಇವತ್ತಿಗೂ ಡಾಕ್ಟರುಗಳು ಮನಸ್ಸು, ಮಿದುಳಿನ ತೊಂದರೆಗಳನ್ನು ಪತ್ತೆ ಮಾಡಲು ನೋಡುವ ಡಿಎಸ್‌ಎಂ ಪುಸ್ತಕದಲ್ಲಿ ಇದು ಆಟಿಸಂ ಗುರುತಿಸುವ ಅಂಶಗಳಲ್ಲಿ ಒಂದು. ಲಕ್ಷಣ ಎಂದ ಮೇಲೆ ನಮ್ಮ ತಲೆ ಹೇಗೆ ಓಡುತ್ತದೆ ಹೇಳಿ. ಜ್ವರ ರೋಗದ ಲಕ್ಷಣ, ಜ್ವರ ಇಳಿದರೆ ಒಳ್ಳೆಯದು. ಹಾಗೇ ಕೈ ನಿಂತರೆ ಆಟಿಸಂ ಕಡಿಮೆಯಾಯಿತು. ನಾನು ನಂಬಿದ್ದು ಇದನ್ನೇ. 2013ರಲ್ಲಿ ಬಂದ ಡಿಎಸ್‌ಎಂನ ಐದನೇ ಆವೃತ್ತಿಯಲ್ಲಿ ಒಂದು ಒಳ್ಳೆಯ ಸೇರ್ಪಡೆ ಆಯಿತು. ಸದ್ದು, ಬೆಳಕು, ಮುಟ್ಟುವುದು, ನೋವು ಇವೆಲ್ಲ ಇವರಿಗೆ ಬೇರೆಯವರಿಗಿಂತ ಜಾಸ್ತಿಯೋ ಕಡಿಮೆಯೋ ತಾಗಬಹುದು ಎಂಬುದನ್ನೂ ಪಟ್ಟಿಗೆ ತಂದರು. ಕೈ ಬೀಸುವುದೂ, ಸದ್ದು ತಾಗುವುದೂ ಈಗ ಅಕ್ಕಪಕ್ಕ ಕೂತಿವೆ. ಎರಡಕ್ಕೂ ನಂಟಿದೆ ಎಂದು ಮಕ್ಕಳನ್ನು ನೋಡಿಕೊಂಡವರಿಗೆ ಮೊದಲೇ ಗೊತ್ತಿತ್ತು.

ಇಲ್ಲಿಗೆ ಬಂದು ಕೂತು ಕಾಯುವಾಗ ನಾನು ನಿಮ್ಮ ಕಾಲು ನೋಡುತ್ತಿದ್ದೆ. ಬೇಜಾರು ಮಾಡಿಕೊಳ್ಳಬೇಡಿ. ಎರಡನೇ ಸಾಲಿನಲ್ಲಿ ಮೂರು ಕಾಲು ಆಡುತ್ತಿದ್ದವು. ಒಬ್ಬರು ಕರಿಮಣಿಯನ್ನು ಬೆರಳಿಗೆ ಸುತ್ತುವುದು, ಬಿಡಿಸುವುದು, ಮತ್ತೆ ಸುತ್ತುವುದು. ಕಾರ್ಯದರ್ಶಿಗಳು ಪೆನ್ನಿನ ತುದಿಯನ್ನು ಟಕ್ ಟಕ್ ಮಾಡುತ್ತಲೇ ಇದ್ದರು. (ಇಲ್ಲಿ ಎಲ್ಲರೂ ನಕ್ಕರು, ಅವರು ಪೆನ್ನು ಜೇಬಿಗೆ ಹಾಕಿದರು, ಐದು ನಿಮಿಷದಲ್ಲಿ ಮತ್ತೆ ತೆಗೆದರು.) ಕಾಲು ಅಲ್ಲಾಡಿಸಿದರೆ ಲಕ್ಷ್ಮಿ ಹೋಗುತ್ತಾಳೆ ಎಂದು ನಮ್ಮ ಅಜ್ಜಿಯರು ಎಷ್ಟು ಬೈದರು? ನಿಂತಿತಾ? ಸಂಗೀತ ಕಛೇರಿಯಲ್ಲಿ ತೊಡೆಗೆ ತಾಳ ಹಾಕುವವರು, ಪಾಠ ಬಾಯಿಪಾಠ ಮಾಡುವಾಗ ಹಿಂದೆ ಮುಂದೆ ತೂಗುವ ಮಕ್ಕಳು, ಎಲ್ಲ ಇದ್ದದ್ದೇ. ಅಳುವ ಕೂಸನ್ನು ತೊಟ್ಟಿಲಿಗೆ ಹಾಕಿ ತೂಗುತ್ತೇವೆ. ಅದೇ ಕೂಸು ದೊಡ್ಡದಾಗಿ ತನ್ನನ್ನು ತಾನೇ ತೂಗಿಕೊಂಡರೆ ಥೆರಪಿಗೆ ಕರೆದುಕೊಂಡು ಹೋಗುತ್ತೇವೆ.

ಹಾಗಂತ "ಎಲ್ಲರಿಗೂ ಸ್ವಲ್ಪ ಸ್ವಲ್ಪ ಆಟಿಸಂ ಇರುತ್ತದೆ ಬಿಡಿ" ಎನ್ನಬೇಡಿ. ಸಮಾಧಾನಕ್ಕೆ ಹೇಳುತ್ತಾರೆ, ಆದರೆ ಅದು ನಿಜವಲ್ಲ. ನಿಮ್ಮ ಕಾಲನ್ನು ಹಿಡಿದು ನಿಲ್ಲಿಸಿದರೆ ನಿಮಗೆ ಸ್ವಲ್ಪ ಕಿರಿಕಿರಿ, ಅಷ್ಟೇ. ದಾದರ್ ಸ್ಟೇಶನ್ನಿನ ಜನಜಂಗುಳಿಯ ಬ್ರಿಜ್ಜಿನ ಮೇಲೆ ಮಾಣಿಯ ಕೈ ಹಿಡಿದು ನಿಲ್ಲಿಸಿದರೆ ಅವನಿಗೆ ಆಧಾರವೇ ಹೋದ ಹಾಗೆ.

ಯಾಕೆ ಎಂದು ಹೇಳುತ್ತೇನೆ. ನಮಗೆ ಐದು ಇಂದ್ರಿಯ ಎಂದು ಶಾಲೆಯಲ್ಲಿ ಕಲಿಸಿದರು. ಅದಲ್ಲದೆ ಇನ್ನೂ ಇವೆ. ಒಳಗಿವಿಯಲ್ಲಿ ಸಮತೋಲ ನೋಡಿಕೊಳ್ಳುವ ಒಂದು ವ್ಯವಸ್ಥೆ ಇದೆ, ನಾವು ಬಾಗಿದೆವಾ, ತಿರುಗಿದೆವಾ, ಬೀಳುತ್ತಿದ್ದೇವಾ ಎಂದು ಅದು ಹೇಳುತ್ತದೆ. ಕೀಲು, ಸ್ನಾಯುಗಳಲ್ಲಿ ಇನ್ನೊಂದು ಇದೆ, ಕಣ್ಣು ಮುಚ್ಚಿದರೂ ನಮ್ಮ ಕೈ ಎಲ್ಲಿದೆ ಎಂದು ಗೊತ್ತಾಗುವುದು ಅದರಿಂದ. ತೂಗುವುದು, ಗಿರಕಿ ಹೊಡೆಯುವುದು ಮೊದಲನೆಯದಕ್ಕೆ ಊಟ. ಕುಪ್ಪಳಿಸುವುದು, ಕೈ ಬೀಸುವುದು, ಗೋಡೆಗೆ ಬೆನ್ನು ಒತ್ತುವುದು ಎರಡನೆಯದಕ್ಕೆ. ಕೆಲವು ಮಕ್ಕಳಿಗೆ ಮೈಯಿಂದ ಬರುವ ಈ ಸುದ್ದಿ ಸಾಲುವುದಿಲ್ಲ, ಜಾಸ್ತಿ ಬೇಕು. ಕೆಲವರಿಗೆ ಹೊರಗಿನ ಗದ್ದಲ ವಿಪರೀತ, ಆಗ ತಾನೇ ಮಾಡುವ ಒಂದೇ ತರಹದ ಚಲನೆ ಒಂದು ಗಟ್ಟಿ ನೆಲದ ಹಾಗೆ. ಮುಂದಿನ ಸದ್ದು ಯಾವುದು ಎಂದು ಅವನಿಗೆ ಗೊತ್ತಿಲ್ಲ, ಮುಂದಿನ ಬೀಸು ಯಾವಾಗ ಎಂದು ಗೊತ್ತು. ಈಗ ಮುಂಬೈಯನ್ನು ಅವನ ಕಿವಿಯಿಂದ ಕೇಳಿ. ರಿಕ್ಷಾ ಹಾರ್ನ್, ಮೆಟ್ರೋ ಕೆಲಸದ ಡ್ರಿಲ್, ಗಣಪತಿ ಹೊತ್ತಿನ ಢೋಲ್ ತಾಶಾ, ಲೋಕಲ್ ಬಂದಾಗ ಪ್ಲಾಟ್‌ಫಾರ್ಮಿನ ನೂಕಾಟ. ನಮಗೇ ತಲೆ ಚಿಟ್ಟು ಹಿಡಿಯುತ್ತದೆ ಅಲ್ವಾ.

ಬರೀ ಕಷ್ಟಕ್ಕೇ ಅಲ್ಲ, ಸಂತೋಷಕ್ಕೂ ಮಾಡುತ್ತಾರೆ, ಇದನ್ನು ನಾವು ಮರೆಯುತ್ತೇವೆ. ಮೊದಲ ಮಳೆ ಬಂದು ಗ್ರಿಲ್ ಮೇಲೆ ಹನಿ ಬಿದ್ದರೆ ಮಾಣಿಯ ಕೈ ಎರಡೂ ಮೇಲೆ. ಟೆಂಪಲ್ ಗ್ರಾಂಡಿನ್ ಎಂಬವರು ಅಮೆರಿಕದಲ್ಲಿ ಪ್ರೊಫೆಸರು, ಅವರಿಗೂ ಆಟಿಸಂ. ಚಿಕ್ಕವರಿದ್ದಾಗ ಬೆರಳ ಸಂದಿಯಿಂದ ಮರಳು ಸುರಿಯುವುದನ್ನು ನೋಡುತ್ತಾ ಗಂಟೆಗಟ್ಟಲೆ ಕೂರುತ್ತಿದ್ದೆ ಎಂದು ಹೇಳಿಕೊಂಡಿದ್ದಾರೆ. ಜುಹೂ ಬೀಚಿಗೆ ಹೋದಾಗ ಮಾಣಿಯೂ ಅದನ್ನೇ ಮಾಡುತ್ತಾನೆ. ನಾನು ಮೊದಲು ಎಳೆದು ತಂದು ಬಾಲ್ ಕೊಡುತ್ತಿದ್ದೆ, "ಆಟ ಆಡು" ಎಂದು. ಅವನು ಆಡುತ್ತಲೇ ಇದ್ದ, ಪಾಪ.

ದೊಡ್ಡವರಾದ ಆಟಿಸ್ಟಿಕ್ ಜನರನ್ನೇ ಕೂರಿಸಿ ಕೇಳಿದ ಒಂದು ಅಧ್ಯಯನ 2019ರಲ್ಲಿ ಬಂತು. ಮಾಡಿದವರಲ್ಲಿ ಮುಖ್ಯರು ಸ್ಟೀವನ್ ಕ್ಯಾಪ್, ಅವರಿಗೂ ಆಟಿಸಂ ಇದೆ. 32 ಜನರನ್ನು ಮಾತಾಡಿಸಿದರು. ಸ್ಟಿಮ್ ಮಾಡಿದರೆ ಮನಸ್ಸು ಹತೋಟಿಗೆ ಬರುತ್ತದೆ, ತಡೆಯಲಾರದಷ್ಟು ಭಾವನೆ ಬಂದಾಗ ಅದಕ್ಕೊಂದು ದಾರಿ ಸಿಗುತ್ತದೆ, ಅದನ್ನು ಚಿಕಿತ್ಸೆ ಮಾಡಿ ತೆಗೆಯುವುದು ಬೇಡ ಎಂದು ಅವರು ಹೇಳಿದರು. ಜನ ಏನೆಂದುಕೊಳ್ಳುತ್ತಾರೋ ಎಂದು ಅದುಮಿಟ್ಟುಕೊಳ್ಳುತ್ತೇವೆ ಎಂದೂ ಹೇಳಿದರು. 32 ದೊಡ್ಡ ಸಂಖ್ಯೆಯಲ್ಲ, ಒಪ್ಪುತ್ತೇನೆ. ಆದರೆ ಕ್ಯಾನರ್ ಲೇಖನದಿಂದ ಲೆಕ್ಕ ಹಾಕಿದರೆ 76 ವರ್ಷ. ಅಷ್ಟು ಹೊತ್ತಿಗೆ ಹೊರಗಿನಿಂದ ನೋಡಿ ಬರೆದದ್ದು ರಾಶಿ ಬಿದ್ದಿತ್ತು. ಮಾಡುವವರನ್ನೇ ಕೇಳಿದ್ದು ತೀರಾ ಕಡಿಮೆ.

ಈಗ ನನ್ನ ಕಥೆಗೆ ಬರುತ್ತೇನೆ.

ಮಾಣಿಗೆ ಐದು ವರ್ಷ. ಶಾಲೆಯವರು ಕರೆದು, ಇವನು ಕೈ ಬೀಸಿದರೆ ಬೇರೆ ಮಕ್ಕಳಿಗೆ ತೊಂದರೆ, ಅದು ನಿಂತ ಮೇಲೆ ಬನ್ನಿ ಎಂದರು. ಒಂದು ಥೆರಪಿ ಸೆಂಟರಿಗೆ ಸೇರಿಸಿದೆವು. ಯಾವುದು ಎಂದು ಹೇಳುವುದಿಲ್ಲ. ಅಲ್ಲಿನ ಹುಡುಗಿಯರು ಕೆಟ್ಟವರಲ್ಲ, ಅವರಿಗೆ ಕಲಿಸಿದ್ದನ್ನು ಅವರು ಮಾಡಿದರು. ಪದ್ಧತಿ ಸರಳ. ಕೈ ಎತ್ತಿದ ಕೂಡಲೇ "ಹ್ಯಾಂಡ್ಸ್ ಡೌನ್" ಎಂದು ಹೇಳಿ ಕೈಯನ್ನು ಮೇಜಿಗೆ ಒತ್ತಿ ಹಿಡಿಯುವುದು. ಹತ್ತು ಸೆಕೆಂಡ್ ಸುಮ್ಮನಿದ್ದರೆ ಒಂದು ಬಾಳೆಕಾಯಿ ಚಿಪ್ಸ್. ಮನೆಯಲ್ಲೂ ಮುಂದುವರಿಸಿ ಎಂದರು. ನಾನು ಕ್ಲಾರ್ಕ್, ಲೆಕ್ಕ ಇಡುವುದು ನನಗೆ ಬರುತ್ತದೆ. ರಿಜಿಸ್ಟರ್ ಮಾಡಿದೆ. ಸೋಮವಾರ 46 ಸಲ, ಮಂಗಳವಾರ 41.

ಈ ತರಹದ ತರಬೇತಿಗೆ ಒಂದು ಹಿನ್ನೆಲೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಐವಾರ್ ಲೋವಾಸ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಶುರು ಮಾಡಿದ್ದು. ಆಗ ಮಕ್ಕಳಿಗೆ ಕಿರುಚಿ, ಹೊಡೆದು, ಕರೆಂಟ್ ಶಾಕ್ ಕೂಡ ಕೊಟ್ಟದ್ದುಂಟು. 1987ರಲ್ಲಿ ಅವರು ಒಂದು ಪ್ರಸಿದ್ಧ ಅಧ್ಯಯನ ಪ್ರಕಟಿಸಿದರು. 19 ಮಕ್ಕಳಿಗೆ ವಾರಕ್ಕೆ 40 ಗಂಟೆ ತರಬೇತಿ, ಅದರಲ್ಲಿ 9 ಮಕ್ಕಳು ಬೇರೆ ಮಕ್ಕಳ ಹಾಗೇ ಆದರು ಎಂದು ಬರೆದರು. ಆ ಮಕ್ಕಳಿಗೂ ಜೋರಾಗಿ "ನೋ" ಎನ್ನುವುದು, ಕೆಲವೊಮ್ಮೆ ತೊಡೆಗೆ ಏಟು ಹಾಕುವುದು ಇತ್ತು. ಇವತ್ತು ಆ ಹೊಡೆತ ಬಡಿತ ಬಿಟ್ಟವರೇ ಜಾಸ್ತಿ, ಒಳ್ಳೆಯ ಥೆರಪಿಸ್ಟುಗಳೂ ಬೇಕಾದಷ್ಟು ಇದ್ದಾರೆ. ಆದರೆ ಬೇರೆ ಮಕ್ಕಳ ಹಾಗೆ ಕಾಣಿಸಬೇಕು ಎಂಬ ಆಸೆ ಮಾತ್ರ ಹಾಗೇ ಉಳಿದುಕೊಂಡಿದೆ. ಥೆರಪಿಸ್ಟುಗಳನ್ನು ಯಾಕೆ ಅನ್ನಲಿ, ನನ್ನಲ್ಲೇ ಇತ್ತು. ನಿಜ ಹೇಳಬೇಕೆಂದರೆ ಸೊಸೈಟಿಯ ಲಿಫ್ಟಿನಲ್ಲಿ ಮೂರನೇ ಮಾಳಿಗೆಯವರ ಮುಂದೆ ನನಗೆ ನಾಚಿಕೆ ಆಗುತ್ತಿತ್ತು. ಮೂರು ವರ್ಷದ ಥೆರಪಿ ನಡೆದದ್ದು ಆ ಒಂದು ನಿಮಿಷದ ಲಿಫ್ಟಿಗಾಗಿ.

ಎಂಟು ವರ್ಷಕ್ಕೆ ರಿಜಿಸ್ಟರಿನಲ್ಲಿ ಸೊನ್ನೆ ಬಂತು. ಸ್ವೀಟ್ ಹಂಚಿದ್ದೆ, ಗೊತ್ತಾ? ಮಾಟುಂಗಾದಿಂದಲೇ ಮೈಸೂರ್ ಪಾಕ್ ಒಯ್ದು.

ಆ ವರ್ಷ ಅವನು ಕಲಿತದ್ದು ಏನೂ ಇಲ್ಲ. ಕೈ ಸುಮ್ಮನೆ ಇಟ್ಟುಕೊಳ್ಳುವುದೇ ಪೂರ್ತಿ ದಿನದ ಕೆಲಸವಾದರೆ ಅಕ್ಷರ ಕಲಿಯಲಿಕ್ಕೆ ತಲೆಯಲ್ಲಿ ಜಾಗ ಎಲ್ಲಿ? ನಮಗೆ ಕಣ್ಣು ಮಿಟುಕಿಸಬೇಡಿ ಎಂದು ಹೇಳಿ ಪಾಠ ಮಾಡಿದ ಹಾಗೆ. ಆಮೇಲೆ ಅಂಗಿಯ ಕಾಲರ್ ಜಗಿಯಲು ಶುರು ಮಾಡಿದ. ಅದನ್ನೂ ಬಿಡಿಸಿದೆವು. ಆಮೇಲೆ ಮಣಿಕಟ್ಟು ಕಚ್ಚಲು ಶುರು ಮಾಡಿದ. ರಕ್ತ ಬರುವ ಹಾಗೆ. ಆ ಗುರುತು ಇವತ್ತೂ ಇದೆ, ವಾಚ್ ಕಟ್ಟುವ ಜಾಗದಲ್ಲಿ.

ಇನ್ನೊಂದು ನಷ್ಟ ಆಮೇಲೆ ಗೊತ್ತಾಯಿತು. ಮೊದಲೆಲ್ಲ ಅವನ ಕೈ ನೋಡಿದರೆ ನನಗೆ ತಿಳಿಯುತ್ತಿತ್ತು. ಸಣ್ಣಗೆ, ಹಗುರ ಬೀಸಿದರೆ ಖುಷಿ. ಬಿರುಸಾಗಿ, ಬೆರಳು ಬಿಗಿ ಹಿಡಿದು ಬೀಸಿದರೆ ಇನ್ನು ಹತ್ತು ನಿಮಿಷದಲ್ಲಿ ಇಲ್ಲಿಂದ ಹೊರಡಬೇಕು. ಕೈ ನಿಂತ ಮೇಲೆ ಯಾವ ಸೂಚನೆಯೂ ಇಲ್ಲ. ಮಾರ್ಕೆಟ್ಟಿನಲ್ಲಿ ಸುಮ್ಮನೆ ನಡೆಯುತ್ತಿದ್ದವನು ಏಕಾಏಕಿ ನೆಲಕ್ಕೆ ಬಿದ್ದು ಕೂಗುತ್ತಿದ್ದ. ಎಲ್ಲರೂ "ಕಾರಣವೇ ಇಲ್ಲದೆ" ಎಂದರು. ಬ್ಯಾಂಕಿನವಳಾಗಿ ನನಗೆ ಇದು ಹೊಳೆಯಬೇಕಿತ್ತು. ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸದಿದ್ದರೆ ಖಾತೆಯಿಂದ ದುಡ್ಡು ಹೋಗುವುದು ನಿಲ್ಲುತ್ತದಾ? ನಾನು ಮೂರು ವರ್ಷ ಎಂಟ್ರಿ ನಿಲ್ಲಿಸಿ ಬ್ಯಾಲೆನ್ಸ್ ಹಾಗೇ ಇದೆ ಎಂದು ಸ್ವೀಟ್ ಹಂಚಿದ್ದೆ.

ಹತ್ತನೇ ವರ್ಷದಲ್ಲಿ ತಲೆಯ ಎಡಭಾಗವನ್ನು ಗೋಡೆಗೆ ಬಡಿದುಕೊಳ್ಳಲು ಶುರುವಾಯಿತು. ಬಿಹೇವಿಯರ್ ಎಂದರು. ಅಟೆನ್ಶನ್ ಬೇಕು ಅವನಿಗೆ, ಗಮನ ಕೊಡಬೇಡಿ ಎಂದರು. ಎರಡು ತಿಂಗಳು ನಾವು ಮುಖ ತಿರುಗಿಸಿ ಕೂತೆವು. ಊರಿಗೆ ಹೋದಾಗ ನಮ್ಮ ಅತ್ತೆ ಅವನ ಬಾಯಿ ತೆರೆಸಿ ಬ್ಯಾಟರಿ ಹಾಕಿ ನೋಡಿದರು. "ದವಡೆ ಹಲ್ಲು ತೂತಾಗಿದೆ, ಇಷ್ಟು ದಿನ ಏನು ಮಾಡ್ತಿದ್ರಿ ನೀವಿಬ್ರು?" ಎಡಗಡೆಯದೇ. ಹಲ್ಲು ತೆಗೆಸಿದ ನಾಲ್ಕನೇ ದಿನಕ್ಕೆ ತಲೆ ಬಡಿದುಕೊಳ್ಳುವುದು ನಿಂತಿತು.

ಹಾಗಾಗಿ ಈ ಒಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮಗು ತನಗೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ, ಅದರಲ್ಲೂ ಇದ್ದಕ್ಕಿದ್ದ ಹಾಗೆ ಶುರುವಾಗಿದ್ದರೆ, ಮೊದಲು ಮೈ ನೋಡಿಸಿ. ಹಲ್ಲು, ಕಿವಿ, ಮಲಬದ್ಧತೆ, ಹೊಟ್ಟೆ ಉರಿ, ತಲೆನೋವು. ದೊಡ್ಡ ಹುಡುಗಿಯರಿಗೆ ಮುಟ್ಟಿನ ನೋವು. ನೋವು ಎಲ್ಲಿ ಎಂದು ಹೇಳಲು ಮಾತಿಲ್ಲದವರು ಇನ್ನು ಹೇಗೆ ಹೇಳಬೇಕು? ಪೆಟ್ಟಾಗುವುದನ್ನು ತಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸ್ಟಿಮ್ ಎಲ್ಲ ಒಳ್ಳೆಯದು ಎಂದು ಹೇಳಲು ನಾನು ಬಂದಿಲ್ಲ. ಆದರೆ ಬರೀ ಕೈ ಹಿಡಿದರೆ ಆಗುವುದಿಲ್ಲ, ಅದೇ ಕೆಲಸ ಮಾಡುವ ಇನ್ನೊಂದನ್ನು ಕೊಡಬೇಕು. ಕಚ್ಚುವವನಿಗೆ ಕಚ್ಚಲಿಕ್ಕೆಂದೇ ರಬ್ಬರಿನ ವಸ್ತು ಸಿಗುತ್ತದೆ. ಮಾಣಿಗೆ ದಪ್ಪ ಚಪಾತಿ ಹಿಟ್ಟು ನಾದುವ ಕೆಲಸ ಕೊಟ್ಟಿದ್ದೇವೆ. ಮನೆ ಬಾಗಿಲಲ್ಲಿ ಊರಿನ ತರಹದ ಒಂದು ಜೋಕಾಲಿ ಹಾಕಿದ್ದೇವೆ. ಕಿವಿ ಮುಚ್ಚುವ ಹೆಡ್‌ಫೋನ್ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ.

ಸ್ಟಿಮ್ ಅಲ್ಲದ್ದನ್ನು ಸ್ಟಿಮ್ ಎಂದುಕೊಂಡು ಕೂರುವುದೂ ಅಪಾಯ. ಆಟಿಸಂ ಇರುವವರಲ್ಲಿ ಫಿಟ್ಸ್ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಸಾಮಾನ್ಯವಾಗಿ ಸ್ಟಿಮ್ ಮಾಡುತ್ತಿರುವ ಮಗುವನ್ನು ಮುಟ್ಟಿದರೆ, ಇಷ್ಟದ ವಸ್ತು ತೋರಿಸಿದರೆ ಒಂದು ಗಳಿಗೆ ನಿಲ್ಲಿಸುತ್ತದೆ. ಫಿಟ್ಸ್ ಹಾಗೆ ನಿಲ್ಲುವುದಿಲ್ಲ. ಒಂದು ವರ್ಷದೊಳಗಿನ ಕೂಸು ನಿದ್ದೆಯಿಂದ ಎದ್ದಾಗ ಸಾಲಾಗಿ ಬೆಚ್ಚಿಬಿದ್ದ ಹಾಗೆ ಮುಂದಕ್ಕೆ ಮಡಚಿಕೊಂಡರೆ ಅದೇ ದಿನ ಡಾಕ್ಟರ ಹತ್ತಿರ ಓಡಿ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ, ಬಾಯಲ್ಲಿ ಹೇಳುವುದಕ್ಕಿಂತ ಅದು ಉಪಯೋಗ. ಟಿಕ್ಸ್ ಎಂಬುದೂ ಬೇರೆ, ತಡೆಯಲಾಗದೆ ಕಣ್ಣು ಮಿಟುಕಿಸುವುದು, ಭುಜ ಕುಣಿಸುವುದು. ಅದು ಹೆಚ್ಚಾಗಿ ಐದಾರು ವರ್ಷದ ಮೇಲೆ ಶುರುವಾಗುತ್ತದೆ, ಜಾಗ ಬದಲಿಸುತ್ತದೆ, ಮಕ್ಕಳಿಗೆ ಅದು ಹಿತವೂ ಅಲ್ಲ.

ಔಷಧಿ ಇದೆಯಾ ಎಂದು ಚೀಟಿ ಬಂದಿದೆ. ಕೈ ಬೀಸುವುದಕ್ಕೆಂದು ಬೇಕಾಗಿಲ್ಲ, ಮತ್ತು ಕೊಟ್ಟು ನೋಡಿದವರಿಗೆ ಪ್ರಯೋಜನ ಕಂಡದ್ದೂ ಕಡಿಮೆ. ಅಮೆರಿಕದಲ್ಲಿ 149 ಮಕ್ಕಳ ಮೇಲೆ ಸಿಟಾಲೋಪ್ರಾಮ್ ಎಂಬ ಮಾತ್ರೆ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಕೊಟ್ಟರು. ಮಾತ್ರೆ ತಿಂದವರಲ್ಲೂ, ಸುಮ್ನೆ ಹುಸಿ ಮಾತ್ರೆ ತಿಂದವರಲ್ಲೂ ಮೂರರಲ್ಲಿ ಒಂದು ಪಾಲು ಮಕ್ಕಳು ಸುಧಾರಿಸಿದರು. ವ್ಯತ್ಯಾಸವೇ ಇಲ್ಲ. ರಿಸ್ಪೆರಿಡೋನ್ ಎಂಬುದನ್ನು ವಿಪರೀತ ಸಿಟ್ಟು, ತನಗೇ ಪೆಟ್ಟು ಮಾಡಿಕೊಳ್ಳುವುದಕ್ಕೆ ಡಾಕ್ಟರು ಬರೆಯುತ್ತಾರೆ, ಕೆಲವು ಮನೆಗಳಲ್ಲಿ ಅದರಿಂದ ಉಸಿರಾಡುವ ಹಾಗಾಗಿದೆ. ತೂಕ ಏರುತ್ತದೆ, ನೋಡಿಕೊಳ್ಳಬೇಕು.

ನಾವು ಬದಲಾಗಿದ್ದು ಹೇಗೆ ಎಂದರೆ, ನೋಡುವುದು ಕಲಿತೆವು. ಅಷ್ಟೇ. ಗೋವಾದಲ್ಲಿ ಸಂಗಾತ್ ಎಂಬ ಸಂಸ್ಥೆಯವರು ಪಾಕಿಸ್ತಾನದ ರಾವಲ್ಪಿಂಡಿಯವರ ಜೊತೆ ಸೇರಿ 65 ಮಕ್ಕಳ ಕುಟುಂಬಗಳಲ್ಲಿ ಒಂದು ಪ್ರಯೋಗ ಮಾಡಿದರು, 2016ರಲ್ಲಿ ಪ್ರಕಟವಾಯಿತು. ದೊಡ್ಡ ತಜ್ಞರಿಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಮನೆಗೆ ಬರುತ್ತಾರೆ. ತಾಯಿ ಮಗು ಆಡುವುದನ್ನು ವಿಡಿಯೋ ಮಾಡಿ, ಆಮೇಲೆ ಅಮ್ಮನ ಜೊತೆ ಕೂತು ನೋಡುತ್ತಾರೆ. ಮಗು ಇಲ್ಲಿ ಏನು ಹೇಳುತ್ತಿತ್ತು, ನೀವು ಏನು ಮಾಡಿದಿರಿ. ಅಪ್ಪ ಅಮ್ಮ ಮಗುವಿಗೆ ಸ್ಪಂದಿಸುವ ರೀತಿ ಅದರಿಂದ ಸುಧಾರಿಸಿತು. ನನಗೆ ಇಷ್ಟವಾದದ್ದು, ಅಲ್ಲಿ ತಿದ್ದಿಕೊಳ್ಳುವುದು ನಾವು, ಮಗುವಿನ ಕೈಯಲ್ಲ.

ಬಾಯಿಂದ ಮಾಡುವ ಸ್ಟಿಮ್ ಬಗ್ಗೆ ಹೇಳದಿದ್ದರೆ ಮಾಣಿ ಸಿಟ್ಟಾಗುತ್ತಾನೆ. ಕೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು, ಎಕೋಲಾಲಿಯಾ ಎನ್ನುತ್ತಾರೆ. ಇವನದು ಲೋಕಲ್ ಟ್ರೈನ್. ಮನೆಯಲ್ಲಿ ಬೆಳಿಗ್ಗೆಯಿಂದ "ಪುಢೀಲ್ ಸ್ಟೇಶನ್ ಮುಲುಂಡ್, ಅಗಲಾ ಸ್ಟೇಶನ್ ಮುಲುಂಡ್, ನೆಕ್ಸ್ಟ್ ಸ್ಟೇಶನ್ ಮುಲುಂಡ್." ಮೂರೂ ಭಾಷೆ, ಅದೇ ಹೆಂಗಸಿನ ದನಿ. ಕನ್ನಡದಲ್ಲೂ ಹೇಳಿದ್ದರೆ ಕನ್ನಡವೂ ಬರುತ್ತಿತ್ತೇನೋ. ಇದನ್ನು ಅರ್ಥವಿಲ್ಲದ ಗಿಳಿಪಾಠ ಎಂದು ಬಹಳ ಕಾಲ ತಿಳಿದಿದ್ದರು. ಬ್ಯಾರಿ ಪ್ರಿಜಾಂಟ್ ಎಂಬ ಮಾತಿನ ತಜ್ಞರು 1980ರ ದಶಕದ ಆರಂಭದಲ್ಲಿ, ಇಲ್ಲ, ಇದಕ್ಕೆ ಕೆಲಸ ಇದೆ, ಮಕ್ಕಳು ಇದರಿಂದ ಕೇಳುತ್ತಾರೆ, ಒಪ್ಪುತ್ತಾರೆ, ತಮಗೇ ಹೇಳಿಕೊಳ್ಳುತ್ತಾರೆ ಎಂದು ತೋರಿಸಿದರು. ಒಂದು ದಿನ ಮನೆಗೆ ಬಂದ ನೆಂಟರೊಬ್ಬರು ಮಾಣಿಯ ಕೆನ್ನೆ ಹಿಂಡಲು ಹೋದರು. ಅವನು ಎರಡು ಹೆಜ್ಜೆ ಹಿಂದೆ ಸರಿದು ಸ್ಪಷ್ಟವಾಗಿ ಹೇಳಿದ: "ಕೃಪಯಾ ಗಾಡೀ ಕೇ ಪಾಯದಾನ್ ಔರ್ ಪ್ಲಾಟ್‌ಫಾರ್ಮ್ ಕೇ ಬೀಚ್ ಕೇ ಅಂತರ್ ಪರ್ ಧ್ಯಾನ್ ದೇಂ." ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಅಂತರದ ಕಡೆ ಗಮನವಿರಲಿ! ನೆಂಟರು ನಕ್ಕರು, ನಾನೂ ನಕ್ಕೆ. ರಾತ್ರಿ ಮಲಗಿದ ಮೇಲೆ ಹೊಳೆಯಿತು. ಇಷ್ಟು ವರ್ಷ ಯಾರ ಯಾರ ಹತ್ತಿರ ಎಷ್ಟು ಸಲ ಇದನ್ನೇ ಹೇಳಿದ್ದನೋ.

ಕೈ ಮತ್ತೆ ಬಂತಾ ಎಂದು ಕೇಳಿದಿರಿ. ಬಂತು, ನಿಧಾನಕ್ಕೆ. ನಾವು ಬೇಡ ಎನ್ನುವುದನ್ನು ಬಿಟ್ಟ ಮೇಲೂ ಒಂದು ವರ್ಷ ಅವನು ಬೀಸುವ ಮೊದಲು ನನ್ನ ಮುಖ ನೋಡುತ್ತಿದ್ದ. ಇದನ್ನು ಹೇಳುವುದು ಕಷ್ಟ, ಇಲ್ಲಿಗೆ ಬಿಡುತ್ತೇನೆ.

ಕಾನೂನಿನ ವಿಷಯ ಚುಟುಕಾಗಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಸರ್ಟಿಫಿಕೇಟ್ ಮಾಡಿಸಿ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿ, ನಾಚಿಕೆ ಬೇಡ. ಲೋಕಲ್ಲಿನಲ್ಲಿ ದಿವ್ಯಾಂಗರ ಡಬ್ಬಿ ಇದೆ, ಅಲ್ಲಿ ಮಾಣಿಗೆ ತೂಗಲು ಜಾಗ ಸಿಗುತ್ತದೆ. ಗಾಡಿಯೇ ತೂಗುತ್ತದಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಒಮ್ಮೊಮ್ಮೆ "ಇವನಿಗೇನಾಗಿದೆ, ಕೈಕಾಲು ಸರಿ ಇದೆಯಲ್ಲ" ಎಂದು ಯಾರಾದರೂ ಜಗಳಕ್ಕೆ ಬರುತ್ತಾರೆ. ಕಾರ್ಡ್ ತೋರಿಸುತ್ತೇನೆ.

ಕೊನೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು. "ಎಲ್ಲ ಸರಿ ಅಮ್ಮಾ, ಆದ್ರೆ ಮದುವೆ ಮುಂಜಿಗೆ ಕರೆದುಕೊಂಡು ಹೋದಾಗ? ನಾಲ್ಕು ಜನ ನೋಡ್ತಾರಲ್ಲ?" ಅವರ ಮೊಮ್ಮಗಳಿಗೆ ನಾಲ್ಕು ವರ್ಷವಂತೆ. ನಾನು ಅವರಿಗೆ ಹೇಳಿದ್ದನ್ನೇ ಬರೆಯುತ್ತೇನೆ.

ಹೋದ ವರ್ಷ ನಮ್ಮ ನಾದಿನಿಯ ಮಗಳ ಮದುವೆ, ಥಾಣೆಯಲ್ಲಿ. ಮೊದಲೇ ಹೋಗಿ ಹಾಲ್ ನೋಡಿಕೊಂಡು ಬಂದಿದ್ದೆವು. ಸ್ಪೀಕರಿನಿಂದ ದೂರ, ಬಾಗಿಲ ಹತ್ತಿರ ಕುರ್ಚಿ ಹಿಡಿದೆವು. ಹೆಡ್‌ಫೋನ್ ಹಾಕಿದ್ದ. ಮುಹೂರ್ತದ ಹೊತ್ತಿಗೆ ಗಟ್ಟಿಮೇಳ ಶುರುವಾಯಿತು, ವಾಲಗ, ಡೋಲು ಎಲ್ಲ ಒಟ್ಟಿಗೆ. ಮಾಣಿ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಬೀಸತೊಡಗಿದ. ನನ್ನ ಕೈ ಹಳೇ ಅಭ್ಯಾಸದಿಂದ ಅವನ ಕೈ ಹಿಡಿಯಲು ಹೋಗಿತ್ತು. ಸುತ್ತ ನೋಡಿದೆ. ಮುನ್ನೂರು ಜನರೂ ಎದ್ದು ನಿಂತು ಕೈ ಮೇಲೆತ್ತಿ ಅಕ್ಷತೆ ಎಸೆಯುತ್ತಿದ್ದರು. ನನ್ನ ಮುಷ್ಟಿಯಲ್ಲಿದ್ದ ಅಕ್ಷತೆ ಎಸೆಯುವುದು ನನಗೆ ಮರೆತೇ ಹೋಯಿತು. ಆಮೇಲೆ ಮೊದಲನೇ ಪಂಕ್ತಿಯಲ್ಲೇ ಊಟಕ್ಕೆ ಕೂತೆವು. ಎರಡನೇ ಪಂಕ್ತಿಗೆ ಗಲಾಟೆ ಜಾಸ್ತಿ, ಹೋಳಿಗೆಯೂ ಆರಿರುತ್ತದೆ.